ಪಂಚ ನಂಬರ್ ಒಂದು

ಬರೆದುಕೊಳ್ಳಿ: ಕಕ್ಕರಗೊಳ್ಳದ ಹಾಲೇಶಪ್ಪ, ಅರವತ್ತೆಂಟು,
ಮಿಲ್ಲಿನ ಮಾಜಿ ನೌಕರ, ಎಡಗಿವಿ ಪೂರ್ತಿ ಇಲ್ಲ,
ಬಲಗಿವಿ ಇದ್ದೂ ಇಲ್ಲ.
ಸಂಜೆ ಹಾಲಿನ ಪಾಕೀಟಿಗೆ ಹೊರಟವನನ್ನು
ಜೀಪು ನಿಲ್ಲಿಸಿ ಕರೆದರು, ಪಂಚರು ಬೇಕಂತೆ.
ಎರಡನೆಯವನು ಎಗ್‌ರೈಸ್ ಗಾಡಿಯ ದಾದಾಪೀರ,
ಅವನ ಕೈಯಲ್ಲಿನ್ನೂ ಸೌಟಿತ್ತು.

ಊರಿಗೇ ಗೊತ್ತಿತ್ತು, ನನಗೂ ಅಷ್ಟಿಷ್ಟು:
ಮುಚ್ಚಿದ ಮಂಡಕ್ಕಿ ಭಟ್ಟಿಯೊಳಗೆ ಮೂವರು ಹುಡುಗರು
ಕರೇ ಅಂಗಿ ತೊಟ್ಟು ಸೈತಾನನನ್ನು ಕರೆಯುತ್ತಾರೆ.
ಕೋಳಿ ರಕ್ತ ಕುಡೀತಾರೆ ಅಂದಳು ಹೂವಿನ ಗೌರಕ್ಕ,
ಕೋಳಿಯಲ್ಲ, ಬೆಕ್ಕು ಅಂದರು ಪಕ್ಕದ ಓಣಿಯವರು.
ಪಿಯು ಹುಡುಗನೊಬ್ಬ ಆ ಹಾಡು ಕೇಳಿ ಕಾಣೆಯಾದ;
ಮೂರನೇ ದಿನ ಹರಿಹರದ ಅತ್ತೆ ಮನೆಯಲ್ಲಿ ಸಿಕ್ಕ,
ಗಣಿತದಲ್ಲಿ ಹನ್ನೊಂದು ಬಂದಿತ್ತು.
ಸಿಕ್ಕಿದ್ದನ್ನು ಯಾರೂ ಯಾರಿಗೂ ಹೇಳಲಿಲ್ಲ.
ಸಂಜೆ ಪತ್ರಿಕೆ ಮಾತ್ರ ಇಷ್ಟು ದಪ್ಪ ಅಕ್ಷರದಲ್ಲಿ:
ಬೆಣ್ಣೆನಗರಿಯಲ್ಲಿ ಸೈತಾನ್ ಸದ್ದು.
ಅವತ್ತು ರಾತ್ರಿ ಓಣಿಯ ಬಾಗಿಲುಗಳಿಗೆಲ್ಲ
ನಿಂಬೆಹಣ್ಣು, ಮೆಣಸಿನಕಾಯಿ. ನಮ್ಮನೆಗೂ.
ಕಟ್ಟಿದ್ದು ನಾನೇ, ಸ್ಟೂಲು ಹಿಡಿದದ್ದು ಹೆಂಡತಿ.

ಭಟ್ಟಿಯ ಗೋಡೆ ಕರ್ರಗಿತ್ತು. ರೈಟರು ಬರೆದರು:
‘ಕಪ್ಪು ಬಣ್ಣ ಬಳಿದಿರುವುದು ಕಂಡುಬಂದಿರುತ್ತದೆ.’
ಸಾರ್, ಅದು ಮಸಿ, ನಲವತ್ತು ವರ್ಷ
ಇಲ್ಲಿ ಮಂಡಕ್ಕಿ ಹುರಿದಾರೆ, ಅಂದ ದಾದಾಪೀರ,
ನಮ್ಮವ್ವ ಕೆಮ್ಮಿ ಕೆಮ್ಮಿ ಹೋಗಿದ್ದು ಇದೇ ಒಲೆ ಮುಂದೆ.
ಅದನ್ನು ಬರೆಯಲಿಲ್ಲ.
ಬರೆದದ್ದು: ಗಿಟಾರು ಎರಡು, ಒಂದರ ತಂತಿ ಹರಿದಿದೆ.
ಡ್ರಮ್ಮು ಐದು. ಬಿಸ್ಕತ್ತಿನ ಖಾಲಿ ಪೊಟ್ಟಣ ಏಳು.
ತಲೆಬುರುಡೆ ಚಿತ್ರದ ಅಂಗಿ ಒಂದು.
ಇಸ್ತ್ರಿ ಮಾಡಿತ್ತು. ಯಾವ ತಾಯಿಯೋ.

‘ನುಡಿಸ್ರಲೇ, ಯಾರನ್ ಕರೀತೀರೋ ಕರೀರಿ, ನೋಡೋಣ’
ಎಂದರು ಎಸ್ಸೈ ಸಾಹೇಬರು, ಲಾಠಿ ಕಂಕುಳಲ್ಲಿ.
ರುದ್ರಮುನಿ ಬಡಿದ. ತೌಸೀಫ ತಂತಿ ಉಜ್ಜಿದ.
ನೆಲ ನಡುಗಿ ನನ್ನ ಅಂಗಾಲಿಗೆ ಬಂತು,
ಮೊಣಕಾಲಿಗೆ, ಹಲ್ಲಿಗೆ.
ಇಪ್ಪತ್ತೆರಡು ವರ್ಷ ನಾನು ನಿಂತ ನೆಲ ಅದು.
ಇನ್ನೂರು ಮಗ್ಗ ಒಟ್ಟಿಗೆ, ಶಟಲ್ಲು ಅತ್ತಿಂದಿತ್ತ,
ಮೂಗಲ್ಲಿ ಹತ್ತಿ, ಮೇಸ್ತ್ರಿಯ ಬೈಗುಳ ಬರೀ ಬಾಯಿ.
ಆ ಸದ್ದು ಒಂದು ಮಂಗಳವಾರ ನಿಂತುಹೋದಾಗ
ಊರು ಹೆದರಲಿಲ್ಲ.
ಗೇಟಿನ ಬೀಗ ನೋಡಿ, ಚಾ ಕುಡಿದು, ಮನೆಗೆ ಹೋಯಿತು.

ಪೇದೆಗಳು ಕಿವಿ ಮುಚ್ಚಿಕೊಂಡರು. ನನಗೇನು ಮುಚ್ಚುವುದು.
ಮಗ್ಗದ ಖಾತೆಯಲ್ಲಿ ಮಾತು ಕೇಳುವುದಿಲ್ಲ,
ತುಟಿ ನೋಡಿ ಓದಬೇಕು. ಓದುತ್ತಿದ್ದೆವು.
ಜಯದೇವ ಬಾಯಿ ತೆರೆದ. ಗಂಟಲಲ್ಲಿ ಹಂದಿಯೋ ಹುಲಿಯೋ,
ಅದು ಉಳಿದವರಿಗೆ. ನಾನು ತುಟಿ ನೋಡಿದೆ.
‘ಸಾರ್, ನೀರು ಬಿಟ್ಟಿಲ್ಲ ಅಂತಿದಾನೆ.’
ಏನು?
‘ಹದಿನಾಲ್ಕು ದಿನ, ನೀರು ಬಿಟ್ಟಿಲ್ಲ,
ಬಕೀಟು ಒಣಗೈತಿ, ಅಜ್ಜಿ ಬೈತಾಳೆ. ಮತ್ತೆ ಅದೇ.’
ಎಸ್ಸೈ ಟೋಪಿ ತೆಗೆದು ತಲೆ ಒರೆಸಿಕೊಂಡರು.
‘ನಮ್ ಕ್ವಾಟ್ರಸ್ಸಿಗೆ ಹದಿನಾರು’ ಅಂದರು, ಮೆಲ್ಲಗೆ;
ಅದನ್ನೂ ತುಟಿಯಿಂದಲೇ ಓದಿದೆ.

ಆದರೂ ಮೇಲಿಂದ ಫೋನು. ಕಾಗದ ಆಗಲೇ ತುಂಬಿತ್ತು,
‘ದುಷ್ಟಶಕ್ತಿಯನ್ನು ಕುರಿತ ಹಾಡು’ ಹಾಗೇ ಉಳಿಯಿತು.
ದಾದಾಪೀರ ನನ್ನನ್ನು ನೋಡಿದ, ನಾನು ಸೌಟನ್ನು ನೋಡಿದೆ.
ಸಹಿ ಹಾಕಿದೆ. ನನ್ನ ಹೆಸರು ದುಂಡಗೆ ಬರೆಯುತ್ತೇನೆ.
ಅಂಗಡಿಯಲ್ಲಿ ಹಾಲು ಮುಗಿದಿತ್ತು.

ಡ್ರಮ್ಮುಗಳೀಗ ಠಾಣೆಯ ಹಿತ್ತಲಲ್ಲಿ, ಚೀಟಿ ಅಂಟಿಸಿಕೊಂಡು,
ಒಂದರೊಳಗೆ ನಾಯಿ ಮರಿ ಹಾಕಿದೆಯಂತೆ.
ಹುಡುಗರು ಎದುರಾದರೆ ನಾನು ಚಪ್ಪಲಿ ನೋಡಿಕೊಳ್ಳುತ್ತೇನೆ.

ಮೊನ್ನೆ ರಾತ್ರಿ ಎರಡೂವರೆ. ಹೆಂಡತಿ ಅಲುಗಿಸಿ ಎಬ್ಬಿಸಿದಳು,
ತುಟಿಯಲ್ಲೇ: ಬಂತು.
ನಲ್ಲಿಯ ಮೇಲೆ ಕೈಯಿಟ್ಟೆ. ಪೈಪಿನೊಳಗೆ ಗಾಳಿ
ಗುಟುರು ಹಾಕಿ, ಕೆಮ್ಮಿ, ಉಗಿದು, ಕೆರಳಿ,
ಥೇಟು ಜಯದೇವ.
ಇಡೀ ಓಣಿ ದೀಪ ಹಾಕಿ, ಕೊಡ ಹಿಡಿದು
ಆ ಸದ್ದಿನ ಕಡೆಗೆ ಓಡುತ್ತಿತ್ತು.